ಸೀಗಿ ಹುಣ್ಣಿಮೆಯ ಮರುದಿನ

ಟಿ. ದಾಸರಹಳ್ಳಿ
9 ನವೆಂಬರ್ 2025, ಭಾನುವಾರ

ಪ್ರೀತಿಯ ಶಂಕರಣ್ಣನಿಗೆ, ತಂಗಿ ಯಮುನಾ ಮಾಡುವ ನಮಸ್ಕಾರ.

ಹೇಗಿದ್ದೀಯ? ಧಾರವಾಡದಲ್ಲಿ ಚಳಿ ಶುರುವಾಗಿರಬೇಕು. ಚಳಿಗೆ ನಿನಗೆ ಬರುತ್ತಿದ್ದ ಒಣಕೆಮ್ಮು ಈಗಲೂ ಬರುತ್ತದೆಯೇ? ಊಟ ಮೆಸ್ಸಿನಲ್ಲೋ, ನೀನೇ ಮಾಡಿಕೊಳ್ಳುತ್ತೀಯೋ? ಮೂರು ವರ್ಷದಲ್ಲಿ ಇದನ್ನೆಲ್ಲ ಕೇಳುತ್ತಿರುವುದು ಇದೇ ಮೊದಲು. ವಿಳಾಸ ಕೊಟ್ಟವರು ಮುದಕಪ್ಪ. ಅವರ ಮೇಲೆ ಸಿಟ್ಟಾಗಬೇಡ. ಅವರಾಗಿ ಕೊಡಲಿಲ್ಲ, ನಾನು ಬಿಡಲಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಬಿಪಿ ಹಿಡಿತದಲ್ಲಿದೆ. ಅಪ್ಪ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ. ಕೋಲು ಕೊಟ್ಟರೆ ಬಾಗಿಲ ಹಿಂದೆ ನಿಲ್ಲಿಸಿ ಹೋಗುತ್ತಾರೆ. ಬೆಳಿಗ್ಗೆ ಮೆಟ್ರೊ ಸ್ಟೇಷನ್‌ವರೆಗೆ ಹೋಗಿ ಪೇಪರ್ ತರುತ್ತಾರೆ. ಫ್ಯಾಕ್ಟರಿಯ ಮಾತು ಎತ್ತುವುದಿಲ್ಲ, ನಿನ್ನ ಮಾತನ್ನೂ. ನಾನು ಅದೇ ಪ್ಯಾಕೇಜಿಂಗ್ ಕಂಪನಿಯ ಸ್ಟೋರ್ಸ್‌ನಲ್ಲಿದ್ದೇನೆ.

ನಮ್ಮ ರಕ್ತದಾನಿಗಳ ವೆಬ್‌ಸೈಟ್ ನೆನಪಿರಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ ಯಾರಿಗೆ ರಕ್ತ ಬೇಕಾದರೂ ಗುಂಪು ನೋಡಿ ಫೋನ್ ಮಾಡಲಿ ಎಂದು ನಾನು ಮಾಡಿಕೊಟ್ಟದ್ದು. ಹೆಸರುಗಳನ್ನು ತುಂಬಿಸುತ್ತಿದ್ದವರು ಮುದಕಪ್ಪ, ಲೇತ್ ಕೆಲಸ ಮುಗಿಸಿ ಬಂದು, ಒಂದೇ ಬೆರಳಿನಲ್ಲಿ. ಮೊದಲ ಹತ್ತು ಹೆಸರುಗಳಲ್ಲಿ ನಿನ್ನದೂ ಇತ್ತು. ಮಾಹಿತಿಯೆಲ್ಲ ಒಂದೇ ಫೈಲಿನಲ್ಲಿತ್ತು. ಆಗಸ್ಟ್‌ನಲ್ಲಿ ಶಿಬಿರದ ದಿನ ಏಳೆಂಟು ಜನ ಒಟ್ಟಿಗೆ ಬರೆಯಲು ಹೋಗಿ ಆ ಫೈಲ್ ಕೆಟ್ಟು, ಎರಡು ಗಂಟೆ ಪಟ್ಟಿಯೇ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಒಬ್ಬ ಬಾಣಂತಿಯ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದನಂತೆ. ಅವಳಿಗೆ ಬೇರೆ ಕಡೆಯಿಂದ ರಕ್ತ ಸಿಕ್ಕಿತು. ಆದರೂ ಅವತ್ತೇ ತೀರ್ಮಾನಿಸಿದೆ, ಇದನ್ನು ಗಟ್ಟಿಯಾದ ಡೇಟಾಬೇಸ್‌ಗೆ, ಸರ್ವರ್ ಮೇಲೆ ಓಡುವಂಥದ್ದಕ್ಕೆ, ಸಾಗಿಸಬೇಕೆಂದು.

ಇಲ್ಲಿಂದ ಎತ್ತಿ ಅಲ್ಲಿ ಇಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಹಳೆಯ ಫೈಲು ಡಬ್ಬದ ಹಾಗೆ, ಏನು ಹಾಕಿದರೂ ಹಾಕಿಸಿಕೊಳ್ಳುತ್ತಿತ್ತು. ಹೊಸದು ನೀನು ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನಿನ ಪಕ್ಕ ನಿಂತು ಹಿಡಿಯುತ್ತಿದ್ದ ಅಳತೆಯ ಗೇಜ್ ಇದ್ದ ಹಾಗೆ: ಅಳತೆಗೆ ಕೂತರೆ ಒಳಗೆ, ಕೂದಲೆಳೆಯಷ್ಟು ಹೆಚ್ಚಾದರೂ ವಾಪಸ್. ತಾರೀಖಿನ ಜಾಗದಲ್ಲಿ ತಾರೀಖೇ ಇರಬೇಕು, ನಂಬರಿನ ಜಾಗದಲ್ಲಿ ಹತ್ತು ಅಂಕಿಯೇ ಇರಬೇಕು. 412 ಸಾಲುಗಳಲ್ಲಿ 37 ವಾಪಸ್ ಬಂದವು. ತೆರೆದು ನೋಡಿದರೆ, ‘ಕೊನೆಯ ಸಲ ರಕ್ತ ಕೊಟ್ಟ ದಿನ’ ಎಂಬಲ್ಲಿ ಮುದಕಪ್ಪ ತಮ್ಮ ಊರಿನ ಲೆಕ್ಕದಲ್ಲಿ ಬರೆದಿದ್ದರು. ಕಾರಹುಣ್ಣಿಮಿ 2023. ಎಳ್ಳಮಾಸಿ ಹಿಂದಿನ ದಿನ. ಬನ್ನಿ ಹಬ್ಬ ಆದಮ್ಯಾಲಿನ ಸೋಮವಾರ. ದಾಸರಹಳ್ಳಿಯಲ್ಲಿ ಬೆಳೆದ ನನಗೆ ಇವುಗಳಲ್ಲಿ ಅರ್ಧ ಹಬ್ಬಗಳು ಯಾವಾಗ ಬರುತ್ತವೆಂದೇ ಗೊತ್ತಿಲ್ಲ.

ಹೋದ ಭಾನುವಾರ ಅವರನ್ನು ಮನೆಗೆ ಕರೆಸಿದೆ. ಐದು ವರ್ಷದ ಗೋಡೆ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ‘ಇಷ್ಟ್ ದೊಡ್ಡ ಮಷೀನಿಗೆ ಕಾರಹುಣ್ಣಿಮಿ ಗೊತ್ತಿಲ್ಲೇನ್ರಿ ಅಕ್ಕಾರ? ಹಂಗಾರ ಅದಕ್ಕೊಂದು ಕ್ಯಾಲೆಂಡರ್ ಕೊಡಸ್ರಿ’ ಎಂದರು. ಒಮ್ಮೆ ಕೊಟ್ಟವರು ಮೂರು ತಿಂಗಳು ಬಿಟ್ಟು ತಾನೇ ಮತ್ತೆ ಕೊಡುವುದು, ಹಬ್ಬದಿಂದ ಹಬ್ಬಕ್ಕೆ ಎಣಿಸಿದರೆ ತಪ್ಪುವುದಿಲ್ಲ ಎಂಬುದು ಅವರ ವಾದ. ಒಂದೊಂದೇ ಹಬ್ಬಕ್ಕೆ ತಾರೀಖು ಹಚ್ಚುತ್ತಾ ಹೋದೆವು. ಇಪ್ಪತ್ತೊಂಬತ್ತನೆಯದು ನಿನ್ನ ಸಾಲು. ನೀನು ಹೋದಮೇಲೆ ಅದನ್ನು ನಾನು ತೆರೆದು ನೋಡಿದ್ದು ಒಂದೇ ಸಲ, ನಿನ್ನ ಹಳೆಯ ನಂಬರ್ ಬೇರೆ ಯಾರಿಗೋ ಹೋಗಿದೆ ಎಂದು ತಿಳಿದಾಗ, ಆ ನಂಬರನ್ನು ಅಳಿಸುವುದಕ್ಕೆ. ತಾರೀಖಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಅಲ್ಲಿ ಹೀಗಿತ್ತು: ‘ಸೀಗಿ ಹುಣ್ಣಿಮಿ ಮರುದಿನ, 2022.’

ಮುದಕಪ್ಪ ಇದ್ದಕ್ಕಿದ್ದಂತೆ ಕ್ಯಾಲೆಂಡರ್ ಸುತ್ತತೊಡಗಿದರು. ‘ಇದೊಂದು ನಾಳೆ ನೋಡೂಣ್ರಿ’ ಎಂದರು. ನಾನು 2022ರದ್ದನ್ನು ಅವರ ಕೈಯಿಂದ ತೆಗೆದುಕೊಂಡೆ. ಸೀಗಿ ಹುಣ್ಣಿಮೆ ಅಕ್ಟೋಬರ್ 9, ಭಾನುವಾರ. ಮರುದಿನ ಅಕ್ಟೋಬರ್ 10. ಆ ತಾರೀಖು ಎಂಥದ್ದೆಂದು ತಿಳಿಯಲು ನಾನು ಏನನ್ನೂ ನೋಡಬೇಕಾಗಿರಲಿಲ್ಲ. ಆದರೂ ಬೀರುವಿನಿಂದ ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ.

ಅದು ಎಂಟನೇ ಮೈಲಿ ಸ್ಟಾಪಿನ ಹತ್ತಿರ ಅಪ್ಪನಿಗೆ ಟೆಂಪೊ ಹೊಡೆದ ದಿನ. ಸೊಂಟದ ಆಪರೇಷನ್‌ಗೆ ಓ ನೆಗೆಟಿವ್ ಬೇಕೆಂದರು. ಮನೆಯಲ್ಲಿ ಆ ಗುಂಪಿನವರು ಅಪ್ಪ, ನೀನು ಇಬ್ಬರೇ. ಅದಕ್ಕೆ ಒಂದು ತಿಂಗಳ ಹಿಂದೆ ನಿನ್ನ ಜೊತೆ ಕೆಲಸಕ್ಕಿದ್ದ ಬಸಲಿಂಗನ ಎರಡು ಬೆರಳು ಪ್ರೆಸ್‌ಗೆ ಸಿಕ್ಕಿ ಹೋಗಿದ್ದವು. ಕೆಲಸ ಬೇಗ ಆಗಲೆಂದು ಪ್ರೆಸ್‌ನ ಕೈ ಕಾಯುವ ಗಾರ್ಡ್ ತೆಗೆಸಿದ್ದು ಸೂಪರ್‌ವೈಸರ್ ಆವಲಪ್ಪನವರು, ಅಂದರೆ ನಮ್ಮ ಅಪ್ಪನೇ, ಎಂದು ನೀನು ಕಾರ್ಖಾನೆ ಇನ್‌ಸ್ಪೆಕ್ಟರ್ ಮುಂದೆ ಹೇಳಿದ್ದೆ. ಅಪ್ಪ ಕೆಲಸ ಕಳೆದುಕೊಂಡರು, ನೀನು ಮನೆ ಬಿಟ್ಟೆ. ಅದರ ಸರಿತಪ್ಪು ಈ ಪತ್ರದಲ್ಲಿ ಬರೆಯುವುದಿಲ್ಲ. ಅವತ್ತು ಆಸ್ಪತ್ರೆಯಿಂದ ನಿನಗೆ ಆರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ‘ಅವನು ಬರಲ್ಲ ಬಿಡಿ, ಅಪ್ಪ ಸತ್ತರೂ ಬರಲ್ಲ’ ಎಂದು ಎಲ್ಲರೆದುರು ಹೇಳಿದವಳು ನಾನೇ. ಬೇರೆ ಯಾರೂ ಅಲ್ಲ. ಆಮೇಲೆ ಮುದಕಪ್ಪ ಬಂದು, ಪಟ್ಟಿಯಲ್ಲಿದ್ದ ಯಾರೋ ಬಂದು ಕೊಟ್ಟು ಹೋದರು, ಹೆಸರು ಹೇಳಬೇಡಿ ಅಂದಿದ್ದಾರೆ ಎಂದರು. ಅವತ್ತಿನಿಂದ ಅಮ್ಮ ಪ್ರತಿ ಸೋಮವಾರ ಆ ಪುಣ್ಯಾತ್ಮನ ಹೆಸರಲ್ಲಿ ಒಂದು ದೀಪ ಹಚ್ಚುತ್ತಾರೆ.

ಮುದಕಪ್ಪ ಕೊನೆಗೆ ಬಾಯಿ ಬಿಟ್ಟರು. ‘ನೀವು ಮ್ಯಾಲಿನ ಮಹಡಿಯಿಂದ ಫೋನ್ ಮಾಡಾಕತ್ತಿದ್ರಿ, ನಾ ಸುದ್ದಿ ಮುಟ್ಟಿಸಿದ್ದಕ್ಕ ಓಡಿ ಬಂದು ಅಂವ ಕೆಳಗ ತೋಳು ಚಾಚಿ ಮಲಗಿದ್ದ. ಫೋನು ನನ್ನ ಕಿಸೇದಾಗ ಬಡ್ಕೊಳ್ಳಾಕತ್ತಿತ್ತು. ಎತ್ತಬ್ಯಾಡ, ಮನ್ಯಾಗ ಹೇಳಬ್ಯಾಡ ಅಂದ. ಹೇಳಲಿಲ್ರಿ. ಆದ್ರ ಪಟ್ಟ್ಯಾಗ ಸುಳ್ಳು ಬರಿಯಾಕ ಬರೂದಿಲ್ಲಲ್ರಿ, ಅಲ್ಲಿ ಬರದೆ.’

ಅಮ್ಮನಿಗೆ ಅವತ್ತೇ ಹೇಳಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಒಲೆ ಆರಿಸಿ, ‘ಮೂರು ವರ್ಷದಿಂದ ನನ್ನ ಮಗನಿಗೇ ದೀಪ ಹಚ್ತಾ ಇದ್ದೀನೇನೇ’ ಎಂದರು. ಮತ್ತೆ ಒಲೆ ಹೊತ್ತಿಸುತ್ತಾ ‘ಕಳ್ಳ’ ಎಂದರು. ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಸಾಲನ್ನು ಪ್ರಿಂಟ್ ಮಾಡಿ, ತಾರೀಖಿನ ಕೆಳಗೆ ಗೆರೆ ಎಳೆದು, ಸೋಮವಾರ ಬೆಳಿಗ್ಗೆ ಅವರ ಕನ್ನಡಕದ ಡಬ್ಬಿಯ ಕೆಳಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಹಾಳೆ ಅಲ್ಲಿರಲಿಲ್ಲ.

ನಾನು ಅವತ್ತು ಆಡಿದ ಮಾತಿಗೆ ಕ್ಷಮಿಸು. ಅಮ್ಮನ ಆಶೀರ್ವಾದ. ಮುದಕಪ್ಪನವರ ಶರಣು. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ತಂಗಿ,
ಯಮುನಾ

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಅಪ್ಪ ಬಂದರು. ಅಂಗಿಯ ಜೇಬಿನಿಂದ ಆ ಹಾಳೆ ತೆಗೆದರು, ಮಡಿಕೆಯಲ್ಲಿ ಸವೆದಿದೆ. ‘ಇವನ ನಂಬರ್ ಜಾಗ ಯಾಕೆ ಖಾಲಿ?’ ಎಂದರು. ನಂಬರ್ ಇಲ್ಲದ್ದನ್ನು ಹೊಸ ಡೇಟಾಬೇಸ್ ಸೇರಿಸಿಕೊಳ್ಳುವುದಿಲ್ಲ, 411 ಸೇರಿವೆ, ಇದೊಂದನ್ನು ತೆಗೆದುಬಿಟ್ಟರೆ ಕೆಲಸ ಮುಗಿಯುತ್ತದೆ ಎಂದೆ. ‘ತೆಗೀಬೇಡ ಕಣಮ್ಮ. ಕೇಳಿ ಹಾಕು’ ಎಂದರು. ಮುದಕಪ್ಪನವರ ಹತ್ತಿರ ನಿನ್ನ ನಂಬರ್ ಇದೆ, ಆದರೆ ಪಟ್ಟಿಗೆ ಸೇರುವ ನಂಬರನ್ನು ಅವರವರೇ ಕೊಡಬೇಕೆಂಬ ನಿಯಮ ಅವರು ಮುರಿಯುವುದಿಲ್ಲ. ಹತ್ತು ಅಂಕಿ ಬರೆದು ಕಳಿಸು. ಬರೆಯಲು ಬೇಸರವಾದರೆ ಫೋನ್ ಮಾಡು. ಅಪ್ಪ ತಮ್ಮ ನಂಬರ್ ಬದಲಿಸಿಲ್ಲ.