ಹದಿನೈದು ದಿನದ ಪುಸ್ತಕ

ಮಾರ್ಚ್ ೧೧, ಮಂಗಳವಾರ

ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಇವತ್ತು ಗ್ರಂಥಾಲಯದ ಚಾಟ್‌ನಲ್ಲಿ ನಾನು ಯಂತ್ರದ ವೇಷ ಹಾಕಿದೆ.

ಪರಾಮರ್ಶನ ವಿಭಾಗದಲ್ಲಿ ಹದಿನೆಂಟು ವರ್ಷ ಕೂತವನು ನಾನು. ಪ್ರಶ್ನೆ ಯಾವ ದಿಕ್ಕಿನಿಂದ ಬಂದರೂ ಉತ್ತರಕ್ಕೇ ಮುಟ್ಟಿಸುತ್ತೇನೆಂದು ಹೆಸರು ಬೇರೆ.

ಮಧ್ಯಾಹ್ನ ಒಬ್ಬಾಕೆ ಬರೆದಳು: "ಅಪ್ಪನಿಗೆ ಕಣ್ಣು ಕಾಣಲ್ಲ, ನಾನೇ ಓದಿ ಹೇಳ್ಬೇಕು. ಹದಿನೈದು ದಿನದಲ್ಲಿ ಮುಗಿಯೋ ಪುಸ್ತಕ ಇದ್ರೆ ಹೇಳ್ತೀರಾ ಸರ್?"

ನಾನು ಠೀವಿಯಿಂದ ಕುಟ್ಟಿದೆ: "ಅವಸರ ಬೇಡಮ್ಮ, ಅವಧಿ ಮುಗಿದ್ರೆ ಇನ್ನೊಂದು ಹದಿನೈದು ದಿನ ವಿಸ್ತರಿಸಿ ಕೊಡ್ತೀವಿ."

"ಅವಧಿ ಪುಸ್ತಕದ್ದಲ್ಲ ಸರ್, ಅಪ್ಪನದು. ಡಾಕ್ಟರು ಅಷ್ಟೇ ದಿನ ಹೇಳಿರೋದು."

ಬರೆದೆ, ಅಳಿಸಿದೆ, ಮತ್ತೆ ಬರೆದೆ. 'ಟೈಪ್ ಮಾಡುತ್ತಿದ್ದಾರೆ' ಎಂದು ಅವಳಿಗೆ ಕಾಣುತ್ತಲೇ ಇದ್ದಿರಬೇಕು. ಕೊನೆಗೆ ಅವಳೇ ಕೇಳಿದಳು: "ಅಲ್ಲಿರೋದು ಮನುಷ್ಯರಾ, ಮಷೀನಾ?"

"ಮಷೀನು" ಎಂದೆ. ಮಷೀನಿನ ತಪ್ಪನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

"ಹಾಗಾದ್ರೆ ಬೇಜಾರಿಲ್ಲ ಬಿಡಿ. ಯಾವುದಾದ್ರೂ ಒಂದು ಒಳ್ಳೇದು ಹುಡುಕಿಡಿ, ನಾಳೆ ಬೆಳಿಗ್ಗೆ ಬರ್ತೀನಿ."

ರಾತ್ರಿ ಊಟವಾದಾಗಿನಿಂದ ಯೋಚಿಸುತ್ತಿದ್ದೇನೆ, ಒಂದು ಹೆಸರೂ ಹೊಳೆಯುತ್ತಿಲ್ಲ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಈ ಹದಿನೆಂಟು ವರ್ಷದಲ್ಲಿ ನಾನು ಪೂರ್ತಿ ಓದಿರುವುದು ಪುಸ್ತಕಗಳ ಬೆನ್ನನ್ನು ಮಾತ್ರ.