ಗೆಳತಿಗೆ ಖಾನೆಯಿಲ್ಲದ ಊರಿನಿಂದ

ದಾವಣಗೆರೆ, ಎರಡನೇ ಬೇಸಿಗೆ, ೨೧೩೧

ರಂಜಿತಾ ಮುತ್ತಜ್ಜಿಗೆ ಮರಿಮಗಳು ಚೈತ್ರಿಕಾಳ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ. ನಮಗೆ ವರ್ಷಕ್ಕೆ ಬೇಸಿಗೆ ಎರಡು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ ಬರ್ತಿದೆ; ನನಗೀಗ ಅರವತ್ತು ದಾಟಿದೆ, ಅಲ್ಲಿ ನಿನಗಿನ್ನೂ ಮೂವತ್ತು. ಆದರೂ ಮುತ್ತಜ್ಜಿ ಮುತ್ತಜ್ಜಿಯೇ, ಬೈಯೋದನ್ನೂ ಮರ್ಯಾದೆಯಿಂದಲೇ ಬೈತೀನಿ.

ಬಿಸಿಲು ಏರಿದರೆ ನಾವು ಮನೆಗೆ ಬೀಗ ಹಾಕಿ ತಂಪುಮನೆಗೆ ಹೋಗ್ತೀವಿ, ಹಗಲು ಮೇಲೆ ಉಳಿದವರು ಬದುಕೋದಿಲ್ಲ. ನೆಲದಡಿ ಕಟ್ಟಿದ ದೊಡ್ಡ ಛತ್ರ ಅಂದುಕೋ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ತೂಕಡಿಕೆ, ಹೊತ್ತು ಮುಳುಗಿದ ನಂತರ ಮೇಲೆ ಬಂದು ಒಂದಿಷ್ಟು ಗಾಳಿ. ಕೋಣೆಗೆ ಇಬ್ಬರು; ಒಂಟಿಯವರಿಗೆ ಈ ವರ್ಷದಿಂದ ಕೋಣೆಯಿಲ್ಲ. ಆ ಕೋಣೆ ಹಂಚೋ ತಂತ್ರಾಂಶ ಯಾವುದು ಗೊತ್ತೇನು? ನೀನು ಈಗ ಲಾಡ್ಜಿನವರಿಗೆ ಅಂತ ಮಾಡ್ತಿದ್ದೀಯಲ್ಲ, ಅದೇ. ಹೆಸರು ಬದಲಾಗಿದೆ, ಒಳಗಿನದೆಲ್ಲ ನಿನ್ನದೇ.

ಅದರಲ್ಲಿ ‘ಸಂಬಂಧ’ ಅಂತ ಒಂದು ಖಾನೆ. ನೀವು ಫೀಲ್ಡ್ ಅಂತೀರಲ್ಲ, ಅದು. ತುಂಬದೆ ಮುಂದೆ ಹೋಗೋ ಹಾಗಿಲ್ಲ. ಗಂಡ, ಹೆಂಡತಿ, ತಾಯಿ, ಮಗಳು, ಅಕ್ಕ, ತಂಗಿ ಎಲ್ಲ ಇದ್ದಾರೆ, ಗೆಳತಿ ಇಲ್ಲ. ಪಕ್ಕದ ಮನೆಯ ಜುಲೇಖಾ ಮತ್ತು ನಾನು ಚಿಕ್ಕಂದಿನಿಂದ ಒಂದೇ ಜೀವ. ಅವಳನ್ನ ಮಗಳು ಅಂತ ಹಾಕಿದೆ. ನನಗಿಂತ ದೊಡ್ಡವಳು ಅಂತ ತಳ್ಳಿತು. ತಾಯಿ ಅಂತ ಹಾಕಿದೆ; ಅಷ್ಟೇನೂ ದೊಡ್ಡವಳಲ್ಲ ಅಂತು. ಅಕ್ಕ ಅಂದರೆ ಇಬ್ಬರ ತಂದೆಯೂ ಒಬ್ಬನೇ ಆಗಿರಬೇಕಂತೆ. ಇವನ್ನೆಲ್ಲ ಬಿಟ್ಟು ‘ಇತರೆ’ ಒತ್ತಿದರೆ ಉಳಿಸೋ ಗುಂಡಿಯೇ ಮಾಯ! ಗುಮಾಸ್ತ ಪಾಪ ಬೆವತುಹೋದ. ಆ ನಿಯಮಗಳನ್ನೆಲ್ಲ ನೀನು ಕೋಡಿನ ಹೊಟ್ಟೆಯೊಳಗೆ ಬರೆದಿದ್ದೀಯ, ಹುಡುಕೋಕೂ ಆಗಲಿಲ್ಲ, ತಿದ್ದೋಕೂ ಆಗಲಿಲ್ಲ. ನಾನು ನನ್ನ ತಂಗಿಯ ಜೊತೆ ಸೇರಿಕೊಂಡೆ. ಜುಲೇಖಾಳಿಗೆ ಯಾರಿದ್ದರು ಹೇಳು?

ಹರಿಹರದ ತಂಪುಮನೆಯ ತಂತ್ರಾಂಶ ಮಾಡಿದ್ದು ಆಫೀಸಿನಲ್ಲಿ ನಿನ್ನ ಪಕ್ಕದ ಕುರ್ಚಿಯವಳು. ಖಾನೆ ತೋರಿಸೋದು, ಮರೆಮಾಡೋದು, ಕಡ್ಡಾಯ ಮಾಡೋದು, ಇಷ್ಟಕ್ಕೆಲ್ಲ ಕೋಡ್ ಯಾಕೆ ಅಂತ ಅವಳು ತಂತ್ರಾಂಶದಲ್ಲೇ ಸಿದ್ಧವಿರೋ ನಿಯಮಗಳನ್ನ ಬಳಸಿಕೊಂಡಳು. ಹೀಗಿದ್ದರೆ ಹೀಗೆ ಅಂತ ಬಿಡಿಸಿಟ್ಟಿದ್ದಾಳೆ, ಕಚೇರಿಯವರೇ ಓದಿ ತಿದ್ದಬಹುದು. ಅಲ್ಲಿನ ಗುಮಾಸ್ತೆ ಕಾಫಿ ಆರೋದರೊಳಗೆ ‘ಗೆಳತಿ’ ಸೇರಿಸಿದಳಂತೆ. ಆ ಊರಿನ ಮಂದಾರಾ ಅನ್ನೋವಳು ನನ್ನ ಜುಲೇಖಾಳನ್ನ ಗೆಳತಿ ಅಂತ ಬರೆಸಿ ಕರ್ಕೊಂಡು ಹೋದಳು. ಅವರಿಬ್ಬರಿಗೆ ಪರಿಚಯ ಆಗಿದ್ದು ಬಸ್ಸಿನಲ್ಲಿ ಕಣೇ, ಬಸ್ಸಿನಲ್ಲಿ! ಜೀವ ಉಳೀತು ಅಂತ ಸಂತೋಷಪಡಬೇಕು, ಪಟ್ಟೆ. ಹೊಟ್ಟೆಕಿಚ್ಚೂ ಪಟ್ಟೆ. ಹರಿಹರದ ಮೇಲೆ, ಮಂದಾರಾಳ ಮೇಲೆ, ನಿನ್ನ ಪಕ್ಕದವಳ ಮೇಲೆ, ಆ ಖಾನೆಯ ನಿಯಮ ಇನ್ನೂ ಬರೆಯದೆ ನಿನ್ನ ಕಾಲದಲ್ಲಿ ಆರಾಮಾಗಿ ಕೂತಿರೋ ನಿನ್ನ ಮೇಲೂ.

ಮೊನ್ನೆ ಜುಲೇಖಾಳನ್ನ ನೋಡಿ ಬರೋಣ ಅಂತ ಹೋದೆ. ನೀವೇನಾಗಬೇಕು ಅಂತ ಬಾಗಿಲಲ್ಲಿ ಗುಮಾಸ್ತೆ ಕೇಳಿದಳು. ಗೆಳತಿ ಅಂದೆ. ಆ ಖಾನೆಯಲ್ಲಿ ಒಂದೇ ಹೆಸರಿಗೆ ಜಾಗ, ಅಲ್ಲಿ ಮಂದಾರಾ ಕೂತಿದ್ದಾಳೆ. ಅದಕ್ಕೇನಂತೆ, ಎರಡು ಹೆಸರು ಹಿಡಿಸೋ ಹಾಗೆ ಈಗಲೇ ಮಾಡಿಕೊಡ್ತೀನಿ ಅಂತ ಆಕೆ ಹೊರಟೇಬಿಟ್ಟಳು. ನಾನು ಬೇಡ ಅಂದೆ. ಒಳಗಿಂದ ಜುಲೇಖಾಳ ನಗು ಕೇಳಿಸ್ತಿತ್ತು. ಆ ಮಂದಾರಾಳ ಕೆಳಗೆ ಎರಡನೆಯವಳಾಗಿ ಕೂರೋಕೆ ಮನಸ್ಸು ಒಪ್ಪಲಿಲ್ಲ, ಹಾಗೇ ತಿರುಗಿ ಬಂದೆ.

ಅದಕ್ಕೇ ಬರೀತಿದ್ದೀನಿ. ನೀನು ಜಾಣೆ, ಕೋಡ್ ಬರೆಯೋದು ನಿನಗೆ ನೀರು ಕುಡಿದಷ್ಟು ಸುಲಭ. ನಿಜವಾಗಿ ಕಷ್ಟದ ಲೆಕ್ಕಾಚಾರಗಳಿಗೆ ಬರಿ, ಬೇಡ ಅನ್ನೋದಿಲ್ಲ. ಖಾನೆ ತೆಗೆಯೋ ಮುಚ್ಚೋ ಕೆಲಸಕ್ಕೆ ಎಲ್ಲರ ಕಣ್ಣಿಗೂ ಬೀಳೋ ಸಿದ್ಧ ನಿಯಮ ಸಾಕು. ಹೇಗೆ ಅಂತ ಪಕ್ಕದವಳನ್ನ ಕೇಳೋಕೆ ಬಿಗುಮಾನ ಅಡ್ಡ ಬಂದರೆ, ನನಗೋಸ್ಕರ ಕೇಳು. ಜುಲೇಖಾ ಎಲ್ಲಿದ್ದರೂ ತಣ್ಣಗಿರಲಿ ಅನ್ನೋ ದೊಡ್ಡ ಮನಸ್ಸು ನನಗಿಲ್ಲ ಮುತ್ತಜ್ಜೀ. ಅವಳು ನನ್ನ ಜೊತೆ ಇರಬೇಕು.