ತೊಮೆಯ ತಟ್ಟೆ

ತೊರೂನ್,
ಡಿಸೆಂಬರ್ 8

ಪ್ರೀತಿಯ ಅಪ್ಪನಿಗೆ,

ನಿಮ್ಮ ಫೀನಾ ತಲೆ ಬಾಗಿಸಿ ಆಶೀರ್ವಾದ ಬೇಡುತ್ತಿದ್ದಾಳೆ. ಮೊದಲು ಅದನ್ನು ಕೊಟ್ಟುಬಿಡಿ, ಬೈಯುವುದು ಆಮೇಲೆ. ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ದಿನಾ ಉತ್ತರ ಬರೆಯಲು ಕೂರುತ್ತಿದ್ದೆ, ದಿನಾ ಏನಾದರೂ ನೆಪ ಹುಡುಕಿ ಎದ್ದುಬಿಡುತ್ತಿದ್ದೆ. ಫೋನಿನಲ್ಲಾದರೆ ನಮ್ಮಿಬ್ಬರದು ಎರಡು ಮಾತು ಕ್ಷೇಮ, ಮೂರನೆಯದು ಜಗಳ. ನೀವು ಕಾಗದದ ದಾರಿ ಹಿಡಿದದ್ದೇ ಒಳ್ಳೆಯದಾಯಿತು. ಕಾಗದದಲ್ಲಿ ಕೂಗಾಡಲು ಬರುವುದಿಲ್ಲವಲ್ಲ.

ನಾನು ಚೆನ್ನಾಗಿದ್ದೇನೆ. ಹಳೆಯ ಚರ್ಚುಗಳ ಹುಳು ತಿಂದ ಮರದ ಸಂತರಿಗೆ ಮೂಗು, ಬೆರಳು, ಕಿವಿ ಜೋಡಿಸುವುದನ್ನು ಕಲಿಯುತ್ತಿದ್ದೇನೆ. ನಮ್ಮೂರು ವಿಯಾನಾದಲ್ಲಿ ಕಡಲಗಾಳಿ ಮುಖಕ್ಕೆ ಹೊಡೆಯುತ್ತದೆ. ಇಲ್ಲಿನ ಚಳಿ ಹಾಗಲ್ಲ, ಕಳ್ಳನಂತೆ ಸದ್ದಿಲ್ಲದೆ ಮೂಳೆಗೆ ಇಳಿಯುತ್ತದೆ. ಪಲ್ಮೀರಾ ಅತ್ತೆ ಹೆಣೆದುಕೊಟ್ಟ ಕಾಲುಚೀಲ ಇಲ್ಲದಿದ್ದರೆ ನಿಮ್ಮ ಮಗಳ ಕಾಲಿಗೂ ಯಾರಾದರೂ ಮರದ ಬೆರಳು ಜೋಡಿಸಬೇಕಾಗುತ್ತಿತ್ತು. ನನ್ನ ಕೋಣೆಯ ಗೆಳತಿ ಬೊಗ್ನಾ ಇಲ್ಲೇ ಹತ್ತಿರದ ಹಳ್ಳಿಯವಳು. ನನ್ನ ಪೋಲಿಷ್ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. "ನೀನು ಬ್ರೆಡ್ ಕೇಳಿದ್ರೆ ಅಂಗಡಿಯವನಿಗೆ ಅಳು ಬರತ್ತೆ ಕಣೇ" ಅನ್ನುತ್ತಾಳೆ. ಕ್ರಿಸ್‌ಮಸ್ ಹಬ್ಬಕ್ಕೆ ಅವರ ಮನೆಗೇ ಕರೆದಿದ್ದಾಳೆ.

ಇನ್ನು ನೀವು ಕೇಳಿದ ಮಾತು. ಹಬ್ಬದ ಊಟಕ್ಕೆ ತೊಮೆಯ ತಟ್ಟೆ ಇಡಲೋ ಬೇಡವೋ, ನೀನು ಹೇಳಿದ ಹಾಗೆ ಆಗಲಿ ಎಂದು ಬರೆದಿದ್ದೀರಿ. ಅಮ್ಮನಿಗೆ ತಟ್ಟೆ ಇಡಿ, ತಾತನಿಗೆ ಇಡಿ. ಅವರು ಸತ್ತವರು. ಅವರಿಗೆ ಮೀನು, ಆಲೂಗಡ್ಡೆ ಬಡಿಸಿ, ವೈನ್ ಸುರಿದು, ಬೆಳಗಿನ ತನಕ ಮೇಜಿನ ಮೇಲಿನದನ್ನು ತೆಗೆಯದೆ ಬಿಡುವುದು ನಮ್ಮ ಮನೆಯ ಪದ್ಧತಿ. ನಾನೇನು ಅದನ್ನು ಅಲ್ಲಗಳೆಯುವವಳಲ್ಲ. ಆದರೆ ಹೋದ ವರ್ಷ ಅವರ ಸಾಲಿನಲ್ಲಿ ನನ್ನ ತಮ್ಮನಿಗೂ ನೀವು ತಟ್ಟೆ ಇಟ್ಟಾಗ ನನ್ನ ಮೈಯೆಲ್ಲ ಉರಿದುಹೋಯಿತು. ತಟ್ಟೆ ಎತ್ತಿ ಕಪಾಟಿನೊಳಗೆ ಇಟ್ಟೆ. "ಬದುಕಿರೋನನ್ನ ಹೂಳ್ತಿದ್ದೀರಾ" ಎಂದು ಕಿರುಚಿದೆ. ದೋಣಿ ಮುಳುಗಿದ್ದು ನಿಜ. ಜೊತೆಯವರ ಹೆಣ ಸಿಕ್ಕಿದ್ದೂ ನಿಜ. ತೊಮೆಯದು ಸಿಗಲಿಲ್ಲವಲ್ಲ? "ಕಡಲು ಎಲ್ಲರನ್ನೂ ವಾಪಸ್ ಕೊಡೋದಿಲ್ಲ ಮಗಳೇ" ಅಂದಿರಿ. ನೀವು ಕಡಲಿನ ಪರವಾಗಿಯೇ ಮಾತಾಡುತ್ತೀರಿ, ಅದರ ಉಪ್ಪು ತಿಂದವರು.

ಈಗ ಕೇಳಿ. ಅವನು ಬದುಕಿದ್ದಾನೆ. ನನ್ನ ಹಿಂದೆಯೇ ಇದ್ದಾನೆ.

ರಜೆಯಲ್ಲಿ ಒಬ್ಬಳೇ ರೈಲು ಹತ್ತಿ ಊರೂರು ತಿರುಗಿದೆ ಎಂದು ಬರೆದಿದ್ದೆನಲ್ಲ, ಒಂದು ವಿಷಯ ಮುಚ್ಚಿಟ್ಟಿದ್ದೆ. ವಿಯೆನ್ನಾದಲ್ಲಿ ಕಾಫಿ ಕುಡಿಯಲು ಕೂತೆ. ಬಡಿಸುವವನು ಎರಡು ಕಾಫಿ ತಂದಿಟ್ಟ. ನಾನು ಒಂದೇ ಕೇಳಿದ್ದು ಎಂದೆ. "ನಿಮ್ಮ ಜೊತೆಯವರು ಕೈ ಎತ್ತಿ ತನಗೂ ಅಂದ್ರಲ್ಲಾ" ಎಂದು ನನ್ನ ಎದುರಿನ ಕುರ್ಚಿ ನೋಡಿದ, ಅವನ ಮುಖವೇ ಬೇರೆಯಾಯಿತು, ಕಾಫಿ ಅಲ್ಲೇ ಬಿಟ್ಟು ಒಳಗೆ ಹೋದ. ಎಲ್ಲೋ ತಪ್ಪು ತಿಳಿದಿದ್ದಾನೆ ಎಂದುಕೊಂಡೆ.

ಲ್ಯುಬ್ಲಿಯಾನಾದಲ್ಲಿ ಉಳಿದುಕೊಂಡ ತಂಗುಮನೆಯ ಹೆಂಗಸು ಬೆಳಿಗ್ಗೆಯೇ ನನ್ನ ಮೇಲೆ ಹರಿಹಾಯ್ದಳು. "ನಿನ್ನ ಜೊತೆ ಬಂದೋನಿಗೆ ಬುದ್ಧಿ ಹೇಳಮ್ಮ. ಒದ್ದೆ ಬೂಟು ಹಾಕ್ಕೊಂಡು ಕೋಣೆಗೆ ಬರೋದಾ? ಈಗ ತಾನೇ ಒರೆಸಿದ್ದೆ." ನೆಲ ನೋಡಿದೆ. ಬಾಗಿಲಿನಿಂದ ನನ್ನ ಮಂಚದ ತನಕ ನೀರಿನ ಹೆಜ್ಜೆಗಳಿದ್ದವು. ಮಳೆ ಬಂದಿರಲಿಲ್ಲ. ಹೆಜ್ಜೆಗಳು ಮಂಚದ ಕಡೆಗೆ ಬಂದಿದ್ದವು ಅಷ್ಟೇ, ವಾಪಸು ಹೋದದ್ದು ಕಾಣಲಿಲ್ಲ.

ತ್ರಿಯೆಸ್ತೆಯಲ್ಲಂತೂ ನನಗೆ ಅನುಮಾನವೇ ಉಳಿಯಲಿಲ್ಲ. ಕಡಲಕಟ್ಟೆಯ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದೆ. ನಿಮ್ಮ ಹಾಗೆಯೇ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ನನ್ನನ್ನು, ನನ್ನ ಪಕ್ಕವನ್ನು ಮತ್ತೆ ಮತ್ತೆ ನೋಡಿದ. ಆಮೇಲೆ ಎದ್ದು ಬಂದು, "ಯಾಕಮ್ಮಾ ಈ ಹುಡುಗನ್ನ ಊರೂರು ಅಲೆಸ್ತೀಯ? ಮನೆಗೆ ಕರ್ಕೊಂಡು ಹೋಗು" ಎಂದ. ಇಟಲಿಯವರ ಮಾತು ಅರ್ಧ ನಮ್ಮದೇ, ಸರಿಯಾಗಿಯೇ ಅರ್ಥವಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೂ ಎಷ್ಟು ಸಂತೋಷವಾಯಿತು ಗೊತ್ತೇ ಅಪ್ಪ, ಅಲ್ಲೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಕಣ್ಣಾಮುಚ್ಚಾಲೆ ಆಡುವುದರಲ್ಲಿ ಅವನು ಚಿಕ್ಕಂದಿನಿಂದಲೂ ಪಾಕಡಾ ಅಲ್ಲವೇ? ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ, ಇಂದಲ್ಲ ನಾಳೆ ಎದುರು ಬಂದೇ ಬರುತ್ತಾನೆ.

ಆದ್ದರಿಂದ ತಟ್ಟೆ ಇಡಬೇಡಿ. ಇದೇ ನನ್ನ ಉತ್ತರ.

ಅತ್ತೆಗೆ ನನ್ನ ಮುತ್ತು ತಲುಪಿಸಿ. ಕೆಮ್ಮು ಬಂದರೆ ಜೇನು ನೆಕ್ಕಿ, ಹೆಂಡ ಕುಡಿಯಬೇಡಿ.

ನಿಮ್ಮ ಮಗಳು
ದೆಲ್ಫೀನಾ

*

ಬೊಗ್ನಾಳ ಹಳ್ಳಿ,
ಡಿಸೆಂಬರ್ 27

ಅಪ್ಪಾ,

ಆಶೀರ್ವಾದ ಮಾಡಿ. ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ, ನಿಜವಾಗಿಯೂ ಬೇಕಾಗಿದೆ.

ನಾವು ತೊರೂನಿನಿಂದ ಹೊರಡುವ ಮೊದಲೇ ನಿಮ್ಮ ಎರಡು ಸಾಲು ಕೈಸೇರಿತ್ತು. "ಸರಿ, ಇಡುವುದಿಲ್ಲ. ಊಟ ಬಿಡಬೇಡ." ಓದಿ ಗೆದ್ದವಳಂತೆ ಬೀಗಿದೆ. ಹಬ್ಬದ ದಿನ ನಿಮಗೆ ಫೋನ್ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಕ್ಷಮಿಸಿ. ಮಾಡಿದ್ದರೆ ನನ್ನ ದನಿ ಕೇಳಿ ನೀವು ಹೆದರುತ್ತಿದ್ದಿರಿ.

ಇಲ್ಲಿಯವರು ಹಬ್ಬದ ಹಿಂದಿನ ದಿನ ಸಂಜೆ, ಆಕಾಶದಲ್ಲಿ ಮೊದಲ ಚುಕ್ಕಿ ಕಂಡ ಮೇಲೆ ಊಟಕ್ಕೆ ಕೂರುತ್ತಾರೆ. ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಮೇಜಿನ ಮೇಲೆ ಒಣಹುಲ್ಲು ಹರಡಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಮನೆಯಲ್ಲಿ ಬೊಗ್ನಾಳ ಅಪ್ಪ, ಅಮ್ಮ ಉರ್ಶೂಲಾ, ಅಜ್ಜಿ ಗೆನೊವೆಫಾ. ಅಜ್ಜಿಗೆ ಎರಡು ಕಣ್ಣೂ ಕಾಣುವುದಿಲ್ಲ, ಬಾಯಿ ಮಾತ್ರ ಬಲು ಜೋರು. ನನ್ನ ಕೆನ್ನೆ ಸವರಿ ನೋಡಿ, "ಇದೇನೇ, ಬರೀ ಮೂಳೆ! ಇವರೂರಲ್ಲಿ ಹೆಣ್ಮಕ್ಕಳಿಗೆ ಊಟ ಹಾಕಲ್ವಾ?" ಎಂದರು. ಬೊಗ್ನಾ ನಗುತ್ತಾ ನನಗೆ ಹೇಳಿದಳು. ಇವರ ಮಾತಿನಲ್ಲಿ ನನಗೆ ಅರ್ಥವಾಗುವುದು ಅಷ್ಟಿಷ್ಟು, ಮಿಕ್ಕದ್ದೆಲ್ಲ ಅವಳೇ ನನಗೆ ತಿಳಿಸಿದ್ದು.

ಮೇಜಿನ ತುದಿಯಲ್ಲಿ ಒಂದು ತಟ್ಟೆ ಹೆಚ್ಚಿಗೆ ಇತ್ತು. ಕುರ್ಚಿಯೂ ಖಾಲಿ. ಬೊಗ್ನಾಗೆ ರಾದೆಕ್ ಎಂಬ ಅಣ್ಣನಿದ್ದದ್ದು ನನಗೆ ಗೊತ್ತಿತ್ತು. "ಈ ಸಲಾನೂ ಅಣ್ಣ ಇಲ್ಲ" ಎಂದು ದಾರಿಯಲ್ಲಿ ಕಣ್ಣು ಒರೆಸಿಕೊಂಡಿದ್ದಳು. ಅಯ್ಯೋ ಪಾಪ, ಸತ್ತಿದ್ದಾನೆ, ಇವರೂ ನಮ್ಮ ಹಾಗೆಯೇ ಸತ್ತವರಿಗೆ ತಟ್ಟೆ ಇಡುತ್ತಾರೆ ಎಂದುಕೊಂಡೆ. ನಮ್ಮೂರಿನ ಯಾರೇ ಆದರೂ ಹಾಗೆಯೇ ತಿಳಿಯುತ್ತಿದ್ದರು. ಬೀಟ್‌ರೂಟ್ ಸಾರು ಮೇಜಿಗೆ ಬಂತು. ಮೀನು ಹೊತ್ತಿತೆಂದು ಉರ್ಶೂಲಾ ಅಮ್ಮ ಅಡುಗೆಮನೆಗೆ ಓಡಿದರು, ಬೊಗ್ನಾಳೂ ಹಿಂದೆ ಹೋದಳು, ಅವಳ ಅಪ್ಪ ಒಲೆಗೆ ಸೌದೆ ತರಲು ಎದ್ದರು. ಎಲ್ಲರ ತಟ್ಟೆಗೂ ಸಾರು ಬಿದ್ದಿದೆ, ಆ ಒಂದು ತಟ್ಟೆ ಮಾತ್ರ ಖಾಲಿ. ಸತ್ತವರನ್ನು ಕಾಯಿಸಬಾರದು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಸೌಟು ತೆಗೆದು ಆ ತಟ್ಟೆಯ ತುಂಬ ಬಡಿಸಿದೆ, ಬ್ರೆಡ್ ಮುರಿದಿಟ್ಟೆ, ಶಿಲುಬೆ ಗುರುತು ಮಾಡಿ ನಮ್ಮ ಮಾತಿನಲ್ಲೇ ಹೇಳಿದೆ, "ಬಾಪ್ಪ, ಬಂದು ಉಣ್ಣು, ಇದು ನಿನ್ನದೇ ಮನೆ." ಆಮೇಲೆ ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿದೆ.

ಉರ್ಶೂಲಾ ಅಮ್ಮ ಮೀನಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪ್ರಾರ್ಥನೆ ಲ್ಯಾಟಿನ್, ಅವರಿಗೂ ತಿಳಿಯಿತು.

"ಯಾರಿಗೆ ಬಡಿಸ್ದೆ?" ಎಂದರು. ನಾನು ಕುರ್ಚಿ ತೋರಿಸಿ, "ರಾದೆಕ್‌ಗೆ" ಎಂದೆ.

ಅಪ್ಪಾ, ಆ ತಾಯಿ ಕೂಗಿದ ಕೂಗು! "ನನ್ನ ಮಗ ಬದುಕಿದಾನೆ! ಅದು ಸತ್ತವರ ತಟ್ಟೆ ಅಲ್ಲ, ಬರೋರ ತಟ್ಟೆ! ಬದುಕಿರೋನನ್ನ ಹೂತಾಕ್ಬಿಟ್ಳಲ್ಲಪ್ಪಾ!" ಬೊಗ್ನಾ ನನ್ನನ್ನು ಪಕ್ಕಕ್ಕೆಳೆದು ಗಡಿಬಿಡಿಯಲ್ಲಿ ಹೇಳಿದಳು. ರಾದೆಕ್ ಲಾರಿ ಓಡಿಸುತ್ತಿದ್ದವನು, ಅಪ್ಪನ ಜೊತೆ ಜಗಳವಾಡಿ ನಾರ್ವೆ ಕಡೆಗೆ ಹೋದ, ಅಂದಿನಿಂದ ಸುದ್ದಿಯಿಲ್ಲ. ಈ ತಟ್ಟೆಯನ್ನು ಇಲ್ಲಿ ಎಲ್ಲರ ಮನೆಯಲ್ಲೂ ಇಡುತ್ತಾರಂತೆ, ಕರೆಯದೆ ಬಂದ ಅತಿಥಿಗೆ. ಉರ್ಶೂಲಾ ಅಮ್ಮ ಮಗನಿಗಾಗಿ ಇಡುತ್ತಾರೆ. ಯಾರಾದರೂ ಬಂದು ಕೂತ ಮೇಲೆಯೇ ಅದಕ್ಕೆ ಬಡಿಸುವುದು.

ಆಕೆಯ ಬಾಯಲ್ಲಿ ಬಂದದ್ದು ನಾನು ನಿಮಗೆ ಕಿರುಚಿದ ಮಾತೇ. ಅದನ್ನು ಎದುರು ನಿಂತು ಕೇಳುವುದು ಎಂಥದ್ದೆಂದು ಆಗ ಗೊತ್ತಾಯಿತು. ಬೊಗ್ನಾಳ ಅಪ್ಪ ಸೌದೆಯನ್ನು ಅಲ್ಲೇ ಕೆಡವಿ, ತಟ್ಟೆ ತೆಗೆಯಲು ಕೈ ಚಾಚಿದರು.

"ಮುಟ್ಬೇಡ!" ಎಂದರು ಅಜ್ಜಿ. "ಅವನು ಉಣ್ತಾ ಇದಾನೆ."

ಉರ್ಶೂಲಾ ಅಮ್ಮ ಗೋಡೆ ಹಿಡಿದುಕೊಂಡು, "ಅಮ್ಮಾ... ರಾದೆಕ್ ಏನಮ್ಮಾ?" ಎಂದರು.

"ನಮ್ಮ ರಾದೆಕ್ ಯಾಕಾಗ್ತಾನೆ? ನಮ್ಮೋನು ಕರಡಿ ಹಾಗೆ ಉಸಿರು ಬಿಡ್ತಾನೆ. ಇವನಿಗೆ ಉಸಿರೇ ಇಲ್ಲ. ಇವನು ಯಾರೋ ಸಣ್ಣ ಹುಡುಗ. ಒಂದು ಟವೆಲ್ ಕೊಡ್ರೇ, ಅಡಿಯಿಂದ ಮುಡಿತನಕ ನೆಂದಿದಾನೆ, ನೀರು ತೊಟ್ಟಿಕ್ತಾ ಇರೋದು ನಿಮ್ಗೆ ಯಾರ್ಗೂ ಕೇಳಿಸ್ತಿಲ್ವಾ?" ಎನ್ನುತ್ತಾ ಅಜ್ಜಿ ಖಾಲಿ ಕುರ್ಚಿಯ ಮುಂದೆ ಕೈಯಾಡಿಸಿದರು. ಯಾವುದೋ ಕೈ ಹಿಡಿದವರಂತೆ ಅವರ ಬೆರಳುಗಳು ಮಡಚಿಕೊಂಡವು. "ಅಯ್ಯೋ ಮಗನೇ, ಎಷ್ಟು ತಣ್ಣಗಿದೆಯೋ. ಎಡಗೈ ಕಿರುಬೆರಳು ಎಲ್ಲೋಯ್ತೋ?"

ತೊಮೆಯ ಬೆರಳನ್ನು ದೋಣಿಯ ಹಗ್ಗ ಕಿತ್ತುಕೊಂಡದ್ದು ನಾನು ಬೊಗ್ನಾಗೂ ಹೇಳಿರಲಿಲ್ಲ. ನನಗೊಬ್ಬ ತಮ್ಮನಿದ್ದಾನೆಂದೇ ಈ ದೇಶದಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ಕುರ್ಚಿಯನ್ನೇ ನೋಡಿದೆ. ನನಗೆ ಏನೂ ಕಾಣಲಿಲ್ಲ ಅಪ್ಪ. ಒಂದು ಸಲವಾದರೂ ಕಾಣಬಾರದಿತ್ತೇ? ತಟ್ಟೆಯಲ್ಲಿ ಸಾರು ಇದ್ದ ಹಾಗೆಯೇ ಇತ್ತು, ಹಬೆ ಮಾತ್ರ ನಿಂತುಹೋಗಿತ್ತು. ಬೇರೆಯವರ ತಟ್ಟೆಗಳಲ್ಲಿ ಇನ್ನೂ ಹಬೆಯಾಡುತ್ತಿತ್ತು. ಊಟದುದ್ದಕ್ಕೂ ಅಜ್ಜಿ ನಡುನಡುವೆ ಆ ಕಡೆ ತಿರುಗಿ, "ಇನ್ನೊಂದು ತುಂಡು ಮೀನು ಹಾಕಿಸ್ಕೋ, ನಾಚ್ಕೋಬೇಡ" ಎನ್ನುತ್ತಿದ್ದರು.

ಬೆಳಿಗ್ಗೆ ಉರ್ಶೂಲಾ ಅಮ್ಮ ಮೇಜಿನ ಒಣಹುಲ್ಲು ಒಟ್ಟುಮಾಡಿದರು. ಅದನ್ನು ಹಸುವಿಗೆ ಹಾಕುವುದು ಇಲ್ಲಿನ ವಾಡಿಕೆ. ಆ ಕುರ್ಚಿಯ ಮುಂದಿದ್ದ ಹುಲ್ಲು ತೊಯ್ದು ತೊಪ್ಪೆಯಾಗಿತ್ತು. ಸಾರು ಚೆಲ್ಲಿದ್ದರೆ ಕೆಂಪಗಿರಬೇಕಿತ್ತು, ಮೇಲಿನ ಬಟ್ಟೆಯಲ್ಲಿ ಒಂದು ಹನಿ ಕಲೆಯೂ ಇರಲಿಲ್ಲ. ನಾವಿಬ್ಬರೂ ಕೊಟ್ಟಿಗೆಗೆ ಹೋದೆವು. ಹಸು ಒಣಹುಲ್ಲಿಗೆ ಬಾಯಿ ಹಾಕಲಿಲ್ಲ. ಆ ಒದ್ದೆ ಹಿಡಿಯನ್ನೇ ನೆಕ್ಕತೊಡಗಿತು. ನಾಲಿಗೆ ಚಾಚಿ ಚಾಚಿ ನೆಕ್ಕಿತು, ಉಪ್ಪಿನ ಹರಳು ಸಿಕ್ಕರೆ ಹೇಗೋ ಹಾಗೆ. ಉರ್ಶೂಲಾ ಅಮ್ಮ ಒಂದು ಎಳೆ ತೆಗೆದು ತಾವೂ ನಾಲಿಗೆಗೆ ಮುಟ್ಟಿಸಿಕೊಂಡರು. ಅಪ್ಪಾ, ಈ ಊರಿನಿಂದ ಕಡಲು ಎಷ್ಟೋ ದೂರ.

ಉರ್ಶೂಲಾ ಅಮ್ಮ ಆ ಎಳೆ ಹಿಡಿದೇ ನನ್ನ ಕಡೆ ತಿರುಗಿದರು. ಮಗ ಸತ್ತನೇನೋ ಎಂಬ ಭಾರ ಅವರಿಂದ ಇಳಿದು ನನ್ನ ಮೇಲೆ ಬಂದದ್ದು ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಯಿತು, ಪಾಪ, ತಮಗಾದ ಸಮಾಧಾನಕ್ಕೆ ತಾವೇ ನಾಚಿದರು. ಮೆಲ್ಲಗೆ, ನನಗೂ ಅರ್ಥವಾಗುವಂಥ ಚಿಕ್ಕ ಮಾತಿನಲ್ಲಿ ಕೇಳಿದರು, "ನಿನ್ನೋನಾ?"

"ನನ್ನ ತಮ್ಮ" ಎಂದೆ. ಆಮೇಲೆ, ಇಷ್ಟು ದಿನ ಯಾವ ಭಾಷೆಯಲ್ಲೂ ಬಾಯಿಗೆ ಬಾರದ ಮಾತು ಬಂತು. "ಸತ್ತುಹೋದ." ಸರಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಆಕೆ ನನ್ನನ್ನು ಎದೆಗೆ ಅವುಚಿಕೊಂಡು ಕೊಟ್ಟಿಗೆಯಲ್ಲೇ ಕೂರಿಸಿದರು. ಹಸು ನೆಕ್ಕುತ್ತಲೇ ಇತ್ತು. ನಾನು ಅತ್ತುಬಿಟ್ಟೆ.

ಪಾದ್ರಿಗಳಿಗೆ ಹೇಳಿ ಚರ್ಚಿನಲ್ಲಿ ತೊಮೆಯ ಆತ್ಮಶಾಂತಿಗೆ ಬಲಿಪೂಜೆ ಮಾಡಿಸಿ. ಅಮ್ಮನ ಸಮಾಧಿ ಕಲ್ಲಿನ ಮೇಲೆ ಅವನ ಹೆಸರೂ ಬರಲಿ. ನಾನು ಹೊರಟು ಬರುತ್ತಿದ್ದೇನೆ, ಕೆಲವು ದಿನ ನಿಮ್ಮ ಜೊತೆ ಇದ್ದು ಓದಿಗೆ ಮರಳುತ್ತೇನೆ. ನೀವು ಸರಿ, ನಾನು ತಪ್ಪು ಎಂದು ಊರಿಗೆಲ್ಲ ಸಾರಬೇಡಿ, ಅತ್ತೆಗೆ ಮಾತ್ರ ಹೇಳಿ. ದೇವರು ನಿಮಗೆ ಆಯುಸ್ಸು ಕೊಡಲಿ. ಬಾಗಿಲಲ್ಲಿ ನಿಂತು ಕಾಯಬೇಡಿ, ಗಾಳಿ ನಿಮಗಾಗದು.

ನಿಮ್ಮ
ಫೀನಾ

ಮ.ಸಾ.: ಒಂದು ಮಾತು ಮೇಲೆ ಬರೆಯಲು ಕೈ ಏಳಲಿಲ್ಲ. ಆ ಸಂಜೆ ಮಲಗುವ ಮುನ್ನ ಅಜ್ಜಿ ಬೊಗ್ನಾಳ ಕಿವಿಯಲ್ಲಿ ಏನೋ ಹೇಳಿದ್ದರು. ಅವಳು ನನಗೆ ಹೇಳದೆ ಮುಚ್ಚಿಟ್ಟಿದ್ದಳು, ಇವತ್ತು ಕಾಡಿ ಬೇಡಿ ಬಾಯಿ ಬಿಡಿಸಿದೆ. ಅಷ್ಟೊಂದು ಯಾಕಪ್ಪಾ ಹಸಿದಿದ್ದೀಯ ಎಂದು ಅಜ್ಜಿ ಆ ಹುಡುಗನನ್ನು ಕೇಳಿದರಂತೆ. ಹೋದ ವರ್ಷ ಹಬ್ಬಕ್ಕೆ ಮನೆಗೆ ಹೋಗಿದ್ದೆ, ಅಪ್ಪ ತಟ್ಟೆ ಇಟ್ಟಿದ್ದರು, ಕೂರುವಷ್ಟರಲ್ಲಿ ಅಕ್ಕ ಎತ್ತಿಬಿಟ್ಟಳು ಎಂದನಂತೆ. ಅಂದಿನಿಂದ, ಇವತ್ತು ಬಡಿಸುತ್ತಾಳೆ, ನಾಳೆ ಬಡಿಸುತ್ತಾಳೆ ಎಂದು ಅಕ್ಕನ ಹಿಂದೆ ಹಿಂದೆಯೇ ನಡೆಯುತ್ತಿದ್ದನಂತೆ.